ಒಂಬತ್ತು ಗಂಟೆಯೊಳಗಿನ ವರದಿ

ಈ ಊರಿನಲ್ಲಿ ನಲ್ಲಿಗೆ ನೀರು ಬಂದ ಹೊತ್ತಿನಲ್ಲಿ ಯಾರೂ ಫೋನ್ ಎತ್ತುವುದಿಲ್ಲ. ಎಂಟು ದಿನಕ್ಕೊಮ್ಮೆ ಬರುವ ನೀರು, ಎರಡು ತಾಸು ಇದ್ದು ಹೋಗುತ್ತದೆ. ಗಂಟೆಗೆ ಇಲ್ಲಿ ತಾಸು ಎನ್ನುತ್ತಾರೆ. ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ಓಣಿಯ ಹೆಂಗಸರೆಲ್ಲ ಒಲೆ ಆರಿಸಿ, ಪೂಜೆ ಅರ್ಧಕ್ಕೆ ಬಿಟ್ಟು ಓಡುವುದನ್ನು ಕಂಡು ಎಲ್ಲೋ ಬೆಂಕಿ ಬಿದ್ದಿದೆ ಎಂದುಕೊಂಡಿದ್ದೆ. ಕಪಿಲೆಯ ದಂಡೆಯಲ್ಲಿ ಹುಟ್ಟಿದವಳಿಗೆ ನೀರಿಗಾಗಿ ಓಡುವುದು ಹೇಗೆ ಗೊತ್ತಾಗಬೇಕು?

ಮೊನ್ನೆ ಸೋಮವಾರ ನಾನೂ ಹಾಗೇ ಓಡಿ, ಮೂರನೇ ಡ್ರಮ್ಮಿನ ಬಾಯಿಗೆ ಸೋಸುವ ಬಟ್ಟೆ ಕಟ್ಟುತ್ತಿದ್ದೆ. ಫೋನ್ ಮೂರು ಸಲ ಬಡಿದುಕೊಂಡಿತು. ನಾಲ್ಕನೆಯ ಸಲಕ್ಕೆ ಒದ್ದೆ ಕೈಯಲ್ಲೇ ಎತ್ತಿದೆ. ಗೋದಾಮಿನಿಂದ ನಮ್ಮ ಯಜಮಾನರು.

"ತೀರ್ಮಾನ ಆಯ್ತು ಕಣೆ. ಇಲ್ಲೇ ಅಂತೆ."

"ಇನ್ನೆಷ್ಟು ತಿಂಗಳು?"

"ತಿಂಗಳಲ್ಲ. ಖಾಯಂ. ವರದಿ ಟೈಮಿಗೆ ಬರ್ತಿದೆಯಲ್ಲ, ಇನ್ಯಾಕೆ ವಾಪಸ್ ಬರ್ತೀರಿ ಅಂದ್ರು."

ಡ್ರಮ್ಮು ತುಂಬಿ ನೀರು ಕಾಲ ಮೇಲೆ ಹರಿಯುತ್ತಿತ್ತು. ನಾನು ಪೈಪು ಎತ್ತಲಿಲ್ಲ.

ನಮ್ಮ ನಂಜನಗೂಡಿನ ಕಡೆಯ ಓದುಗರಿಗೆ ಇದನ್ನು ಮೊದಲಿಂದಲೇ ಹೇಳಬೇಕು. ನಮ್ಮವರು ಬೇಳೆಕಾಳಿನ ಕಂಪನಿಯೊಂದರ ಮೈಸೂರು ಕಚೇರಿಯಲ್ಲಿ ವರದಿ ತಯಾರಿಸುವವರು. ಯಾವ ಗೋದಾಮಿಗೆ ಎಷ್ಟು ಕಡಲೆ, ಎಷ್ಟು ಹೆಸರು ಬಂತು, ಯಾವುದರಲ್ಲಿ ತೇವ ಜಾಸ್ತಿ, ಯಾವುದು ಮೊದಲು ಹೊರಡಬೇಕು ಎಂಬ ಲೆಕ್ಕ. ಕುಂದಗೋಳ ತಾಲೂಕಿನ ಈ ಗುಡಗೇರಿಯಲ್ಲಿ ಖರೀದಿ ಹೆಚ್ಚಾಯಿತೆಂದು "ಆರು ತಿಂಗಳು ಅಲ್ಲೇ ಕೂತು ಮಾಡಿ" ಎಂದು ಕಳಿಸಿದರು. ಆರು ತಿಂಗಳಿಗಾಗಿ ಮನೆ ಖಾಲಿ ಮಾಡುವುದೇಕೆಂದು ನಂಜನಗೂಡಿನ ಬಾಡಿಗೆ ಮನೆಗೆ ಬೀಗ ಹಾಕಿ, ಬೀಗದ ಕೈಯನ್ನು ತಂಗಿ ಗಿರಿಜೆಗೆ ಕೊಟ್ಟು ಬಂದೆವು.

ಇಲ್ಲಿ ಸಿಕ್ಕಿದ್ದು ಸ್ಟೇಷನ್ನಿನ ಬಾಜು, ಅಂದರೆ ಪಕ್ಕದಲ್ಲಿ, ಎರಡು ಕೋಣೆಯ ಮನೆ. ಮೈಸೂರಿನ ಕಡೆ ಹೋಗುವ ದೊಡ್ಡ ರೈಲು ದಿನಾ ನಮ್ಮ ಕಿಟಕಿಯ ಗಾಜು ನಡುಗಿಸಿಕೊಂಡು ಹೋಗುತ್ತದೆ, ಇಲ್ಲಿ ನಿಲ್ಲುವುದಿಲ್ಲ. ಮಳೆ ಬಂದರೆ ಎರೆಮಣ್ಣು ಚಪ್ಪಲಿಯನ್ನು ಕಿತ್ತುಕೊಂಡು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಅಲ್ಲಿ ನಮಗೆ ಮೂರು ಹೊತ್ತೂ ಅನ್ನ. ಇಲ್ಲಿ ಅನ್ನ ಊಟದ ಕೊನೆಯಲ್ಲಿ ಒಂದು ಮುಷ್ಟಿ. ಭಾಷೆ ಒಂದೇ ಕನ್ನಡ, ಆದರೂ ಮೊದಲ ತಿಂಗಳು ಯಾರು ಮಾತಾಡಿದರೂ ಜಗಳಕ್ಕೆ ಬಂದಂತೆ ಕೇಳಿಸಿ ಒಳಗೆ ಬಂದು ಅತ್ತಿದ್ದೇನೆ.

ಆ ಅಳುವನ್ನು ನಿಲ್ಲಿಸಿದವರು ಗೋಡೆಯಾಚೆಯ ಮಾಬೂಬಿ. ಅವರ ಯಜಮಾನರು ದಾವಲಸಾಬ ನಮ್ಮವರ ಗೋದಾಮಿನಲ್ಲೇ ಚೀಲ ಹೊರುವ ಹಮಾಲರು. ನಂಜನಗೂಡಿನಲ್ಲಿ ನಮ್ಮ ಬೀದಿಯ ತುದಿಗೇ ಅಂಗಡಿ ಇತ್ತು. ಒಗ್ಗರಣೆಗಿಟ್ಟು ಸಾಸಿವೆ ತರಲು ಹೋಗಿ ಬರಬಹುದಿತ್ತು. ಅದೇ ಅಭ್ಯಾಸದಲ್ಲಿ ಇಲ್ಲಿಯೂ ಬಿಸಿಲಲ್ಲಿ ಅರ್ಧ ಊರು ನಡೆಯುತ್ತಿದ್ದೆ. ಒಂದು ದಿನ ಮಾಬೂಬಿ ಕಟ್ಟೆಯ ಮೇಲಿಂದಲೇ ಕೂಗಿದರು:

"ಏನ್ರೀ ಅಕ್ಕಾರ, ಅಂಗಡಿ ನಿಮ್ಮ ತವರಮನಿ ಏನ್ರಿ? ಮುಂಜಾನಿಂದ ಮೂರ ಸಲಾ ಹೋಗಿ ಬಂದ್ರಿ."

"ಮೊದ್ಲು ಬೆಲ್ಲ, ಆಮೇಲೆ ಉಪ್ಪು ನೆನಪಾಯ್ತು. ಈಗ ಬೆಂಕಿಪೊಟ್ಟಣ."

"ಅಯ್ಯ ನಮ್ಮವ್ವಾ! ಇರೂ ಕಾಲ ಎರಡ, ಸವಿಸಿಗೋಬ್ಯಾಡ್ರಿ. ಕುಂತು ಎಲ್ಲಾ ನೆನಸಿಕೊಂಡು ಒಮ್ಮಿಗೇ ಚೀಟಿ ಬರೀರಿ. ಸಂತಿ ದಿನ ಹೋಗೂಣು, ಒಮ್ಮಿಗೇ ತರೂಣು."

ವಾರದ ಸಂತೆಗೆ ಇಲ್ಲಿ ಸಂತಿ. ಅಂದಿನಿಂದ ನಾನೂ ಚೀಟಿ ಬರೆಯುವವಳಾದೆ.

ಮನೆಯ ಮುಂದಿನ ಕೋಣೆಯಲ್ಲಿ ನಮ್ಮವರ ಕಂಪ್ಯೂಟರ್. ಕಂಪನಿಯ ಲೆಕ್ಕವೆಲ್ಲ ಮೈಸೂರಿನ ದೊಡ್ಡ ಯಂತ್ರದಲ್ಲಿದೆ, ಅದು ಸರ್ವರ್. ಇಲ್ಲಿನ ಪರದೆಯ ಮೇಲಿರುವುದು ಅದನ್ನು ನೋಡುವ ಕಿಟಕಿಯಷ್ಟೇ. ಇವರು ಅದಕ್ಕೆ ಟೂಲ್ ಎನ್ನುತ್ತಾರೆ. ಎಡಗಡೆಯ ಪಟ್ಟಿಯಿಂದ "ಗೋದಾಮು" ಎಂಬುದನ್ನು ಎಳೆದು ಬಲಗಡೆಯ ಚೌಕದಲ್ಲಿ ಬಿಟ್ಟರೆ ಮೈಸೂರಿಗೆ ಸುದ್ದಿ ಹೋಗಿ, ಅಲ್ಲಿ ಕೂಡಿ ಕಳೆದು, ಉತ್ತರ ಇಲ್ಲಿ ಮೂಡಬೇಕು. ಮೂಡುತ್ತಿರಲಿಲ್ಲ. ಪರದೆ ಬೆಳ್ಳಗಾಗಿ ಚಕ್ರ ತಿರುಗುತ್ತಲೇ ಇರುತ್ತಿತ್ತು. ಬೆಳಿಗ್ಗೆ ಏಳೂವರೆಗೆ ಕೂತರೆ ವರದಿ ಹೋಗುವಾಗ ಹತ್ತು ದಾಟಿರುತ್ತಿತ್ತು. ಅದು ತಲುಪಬೇಕಾದದ್ದು ಒಂಬತ್ತರೊಳಗೆ. ದಿನಾ ಒಂಬತ್ತೂಕಾಲಿಗೆ ಫೋನಿನಲ್ಲಿ ಬೈಗುಳ. ಇವರ ತಟ್ಟೆಯ ದೋಸೆ ತಣ್ಣಗಾಗಿ ಚರ್ಮದಂತಾಗುತ್ತಿತ್ತು. ಕಂಪ್ಯೂಟರಿಗೆ ಮೆಮೊರಿ ಹೆಚ್ಚಿಸಿದರು, ಲೈನ್ ಬದಲಾಯಿಸಿದರು. ಹೊಗೆಯಿಂದ ಹೀಗಾಗುತ್ತಿದೆಯೇನೋ ಎಂದು ನಾನು ಸಾಂಬ್ರಾಣಿ ಹಾಕುವುದನ್ನೇ ನಿಲ್ಲಿಸಿದೆ. ದೇವರು ಕ್ಷಮಿಸಬೇಕು.

ಕಡೆಗೆ ಮೈಸೂರಿನಿಂದ ಪತ್ರ ಬಂತು: ಈ ಹಂಗಾಮು ಮುಗಿಯುವವರೆಗೂ ವರದಿ ಹೀಗೇ ತಡವಾದರೆ ಈ ಕೆಲಸವನ್ನು ಮೈಸೂರಿಗೇ ಹಿಂದಕ್ಕೆ ತರಲಾಗುವುದು, ಸಮಯಕ್ಕೆ ಬಂದರೆ ಅಲ್ಲೇ ಮುಂದುವರಿಸಲಾಗುವುದು. ಪತ್ರದ ಭಾಷೆ ಗದರಿಕೆಯದು. ಆದರೆ ಓದಿ ಮುಗಿಸಿದ ನಮ್ಮವರು ನನ್ನ ಕಡೆ ನೋಡಿದರು, ನಾನು ಅವರ ಕಡೆ ನೋಡಿದೆ. ಅಂದು ಶ್ಯಾವಿಗೆ ಪಾಯಸ ಮಾಡಿದೆ.

ಹಾಗಿದ್ದೂ ಕೆಡಿಸಿದವಳು ನಾನೇ. ಒಂದು ಬೆಳಿಗ್ಗೆ ಇವರಿಗೆ ಜ್ವರ, ಕಂಬಳಿ ಹೊದ್ದು ಕೂತಿದ್ದರು. "ನಾನು ಹೇಳಿದ ಹಾಗೆ ನೀನು ಎಳೀತಾ ಹೋಗು" ಎಂದು ನನ್ನನ್ನು ಕೂರಿಸಿದರು. ಗೋದಾಮು ಎಳೆದೆ; ಚಕ್ರ ತಿರುಗಿತು. ಕಾಯ್ದೆವು. ಕಾಳಿನ ಜಾತಿ ಎಳೆದೆ, ಮತ್ತೆ ಚಕ್ರ. ಮಧ್ಯದಲ್ಲಿ ಎದ್ದು ಹೋಗಿ ಅಕ್ಕಿ ತೊಳೆದು ಬಂದೆ, ಇನ್ನೂ ತಿರುಗುತ್ತಿತ್ತು.

"ಅಲ್ರೀ, ಒಂದೊಂದಕ್ಕೂ ಮೈಸೂರಿಗೆ ಹೋಗಿ ಬರುತ್ತಾ ಇದು?"

"ಹೂಂ. ಅಲ್ಲಿ ಸರ್ವರ್ ಪಕ್ಕದ ರೂಮಲ್ಲೇ ಇತ್ತಲ್ಲ, ಹೋಗಿ ಬಂದದ್ದೇ ಗೊತ್ತಾಗ್ತಿರ್ಲಿಲ್ಲ. ಒಂದು ಎಳೆಯೋದು, ನೋಡೋದು, ಇನ್ನೊಂದು ಎಳೆಯೋದು. ಹದಿನೈದು ವರ್ಷದ ಅಭ್ಯಾಸ."

"ಬೇಕಾದ್ದೆಲ್ಲ ಚೀಟಿ ಬರೆದು ಒಂದೇ ಸಲ ಕಳಿಸೋಕೆ ಆಗಲ್ವಾ?"

ಇವರು ನಗಲು ಹೋಗಿ ನಿಲ್ಲಿಸಿದರು. ಪಟ್ಟಿಯ ಅಡಿಯಲ್ಲಿ ಒಂದು ಪುಟ್ಟ ಚೌಕವಿತ್ತು. ಅದಕ್ಕೆ ಗುರುತು ಹಾಕಿದರೆ ನಾವು ಹೇಳುವವರೆಗೂ ಟೂಲ್ ಸರ್ವರನ್ನು ಏನೂ ಕೇಳುವುದಿಲ್ಲ. ಇವರಿಗೆ ಅದು ಗೊತ್ತಿಲ್ಲದ್ದೇನಲ್ಲ, ಮೈಸೂರಿನಲ್ಲಿ ಬೇಕಾಗಿರಲಿಲ್ಲ ಅಷ್ಟೆ. ಗುರುತು ಹಾಕಿದೆವು. ಈ ವಾರದ್ದು ಮಾತ್ರ ಎಂದು ಮೊದಲೇ ಆರಿಸಿ, ಮಿಕ್ಕಿದ್ದನ್ನೆಲ್ಲ ಎಳೆದಿಟ್ಟು, ಒಮ್ಮೆ ಒತ್ತಿದೆ. ಒಲೆಯ ಮೇಲಿನ ಹಾಲು ಉಕ್ಕುವುದರೊಳಗೆ ವರದಿ ಪರದೆಯ ತುಂಬ ನಿಂತಿತ್ತು.

ಇಬ್ಬರೂ ಚಪ್ಪಾಳೆ ತಟ್ಟಬೇಕಿತ್ತು. ಗಡಿಯಾರ ನೋಡಿದೆವು. ಎಂಟಕ್ಕೆ ಐದು ನಿಮಿಷ.

"ಈಗ್ಲೇ ಕಳಿಸಿದ್ರೆ..." ಎಂದರು.

"ಹತ್ತಕ್ಕೇ ಕಳಿಸಿ" ಎಂದೆ. ಅವರಲ್ಲ, ನಾನೇ ಅಂದದ್ದು. ಬರೆದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಮೂರು ದಿನ ಹಾಗೆ ಮಾಡಿದೆವು. ತಯಾರಾದ ವರದಿಯನ್ನು ಎದುರಿಗಿಟ್ಟುಕೊಂಡು ಇವರು ಸುಮ್ಮನೆ ಕೂತಿರುವುದು, ಒಂಬತ್ತೂಕಾಲಿಗೆ ಬೈಸಿಕೊಳ್ಳುವುದು, ಹತ್ತಕ್ಕೆ ಒತ್ತುವುದು. ನಾನು ವಿಭೂತಿ ಧರಿಸಿ ಇಷ್ಟಲಿಂಗ ಪೂಜೆಗೆ ಕೂತರೆ ಕಣ್ಣು ಅಂಗೈಯ ಮೇಲೆ ನಿಲ್ಲದೆ ಗಡಿಯಾರಕ್ಕೆ ಹೋಗುತ್ತಿತ್ತು. ಹಂಗಾಮು ಮುಗಿಯಲು ಇನ್ನು ಮೂರು ವಾರ, ಮೂರು ವಾರ ಕಣ್ಣು ಮುಚ್ಚಿಕೊಂಡರೆ ನಂಜನಗೂಡು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ನಾಲ್ಕನೆಯ ದಿನ ಎಂಟೂವರೆಗೆ ಮಾಬೂಬಿ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದರು. ಒಳಗೆ ಕೂತಿದ್ದ ನಮ್ಮವರನ್ನು ಕಂಡು ದನಿ ಇಳಿಸಿದರು.

"ಇನ್ನೂ ಬಂದಿಲ್ಲೇನ್ರಿ ಸಾಹೇಬ್ರ ಕಾಗದಾ?"

"ಯಾಕ್ರೀ?"

"ನಮ್ಮವ್ರು ಅಂತಾರ್ರಿ, ಅದು ಬರೂತನಾ ಯಾವ ಲಾರಿ ತುಂಬೂದು ಅಂತ ಗೊತ್ತಾಗೂದುಲ್ಲಂತ. ಎಂಟಕ್ಕ ಹೋಗಿ ಹತ್ತರ ತನಕಾ ಬಿಸಿಲಾಗ ಕುಂದ್ರೂದು. ಆಮ್ಯಾಲ ನಡು ಮಧ್ಯಾಹ್ನ ಅಗದಿ ಓಡಿ ಓಡಿ ಚೀಲಾ ಹೊರೂದು. ನಿನ್ನಿ ಒಬ್ಬಾಂವ ಹಲಗಿ ಮ್ಯಾಲಿಂದ ಜಾರಿ ಬಿದ್ದ. ಬಾಳ ಪೆಟ್ಟಾಗಿಲ್ಲ ಬಿಡ್ರಿ, ಅಲ್ಲಾ ಉಳಿಸಿದ." ಮತ್ತೆ ನಕ್ಕು, "ನಿಮ್ಮ ಮಿಶಿನ್ನಿಗಿ ಒಂದೀಟ ನಿಂಬಿಹಣ್ಣರ ಕಟ್ರಿ ಅಕ್ಕಾರ!" ಎಂದು ಲೋಟ ಹಿಡಿದು ಹೋದರು.

ತಡ ಮಾಡುತ್ತಿರುವುದು ಮಿಶಿನ್ ಅಲ್ಲ ಎಂದು ನಾನು ಅವರಿಗೆ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ. ಒಳಗೆ ಹೋಗಿ ಇವರ ಕುರ್ಚಿಯ ಹಿಂದೆ ನಿಂತೆ.

"ಕಳಿಸಿಬಿಡಿ."

"ಕಳಿಸಿದ್ರೆ ಇಲ್ಲೇ ಇರ್ಬೇಕಾಗುತ್ತೆ. ಯೋಚ್ನೆ ಮಾಡಿದ್ಯಾ?"

"ಮಾಡಿದೀನಿ. ಬೇಗ ಕಳಿಸಿ, ಮನಸ್ಸು ಬದಲಾಗೋದ್ರೊಳಗೆ."

ಎಂಟು ನಲವತ್ತಕ್ಕೆ ಹೋಯಿತು. ಆ ದಿನ ಬೈಗುಳದ ಫೋನ್ ಬರಲಿಲ್ಲ. ಇವರು ಬಿಸಿ ದೋಸೆ ತಿಂದರು. ಹತ್ತಕ್ಕೆಲ್ಲ ಗೋದಾಮಿನ ಕಡೆಯಿಂದ ಲಾರಿ ಹೊರಟ ಸದ್ದು ಕೇಳಿತು. ಇಷ್ಟು ಕರುಣೆ ಒಂದೇ ದಿನ ಸಿಕ್ಕಿತಲ್ಲ ಎಂದು ಎಣಿಸಿಕೊಂಡೆ. ಎಣಿಸುತ್ತಲೇ ನಂಜನಗೂಡಿನ ಮನೆಯ ಬಾಗಿಲಿಗೆ ಯಾರೋ ಒಳಗಿನಿಂದ ಅಗುಳಿ ಹಾಕಿದಂತಾಯಿತು. ಅಲ್ಲಿಂದ ಮೂರು ವಾರ, ಒಂದು ದಿನವೂ ತಡವಾಗಲಿಲ್ಲ.

ಹಾಗೆ ಬಂದದ್ದು ಸೋಮವಾರದ ಆ ಫೋನು. ನೀರು ನಿಂತ ಮೇಲೆ ಗಿರಿಜೆಗೆ ಫೋನ್ ಮಾಡಿ ಹೇಳಿದೆ. ಅವಳು, "ಹಾಗಾದ್ರೆ ಬೀಗದ ಕೈ ಮನೆ ಓನರಿಗೆ ಕೊಟ್ಟುಬಿಡ್ಲಾ ಅಕ್ಕ? ಒರಳುಕಲ್ಲು ಏನ್ಮಾಡೋದು?" ಎಂದಳು.

"ನೀನಿಟ್ಕೋ."

"ಬಂದಾಗ ಎಲ್ಲಿ ಇಳ್ಕೋತೀಯ?"

"ನಿಮ್ಮನೇಲಿ" ಎಂದೆ. ನಂಜನಗೂಡಿಗೆ ನೆಂಟಳಾಗಿ ಹೋಗುವವಳಾದೆ ಎಂದು ಹಾಗೆ ಹೇಳಿದ ಮೇಲೆಯೇ ತಿಳಿದದ್ದು. ಶ್ರೀಕಂಠೇಶ್ವರನ ಪಟಕ್ಕೆ ದೀಪ ಹಚ್ಚಿದೆ. ಏನನ್ನೂ ಬೇಡಿಕೊಳ್ಳಲು ಬಾಯಿ ಬರಲಿಲ್ಲ. ದೀಪವಾದರೂ ಆರದೆ ಉರಿಯಿತು.

ಮಧ್ಯಾಹ್ನ ಮಾಬೂಬಿ ತಲೆಯ ಮೇಲೊಂದು ಚೀಲ ಹೊತ್ತು ಬಂದರು. ಅವರ ಅಣ್ಣನ ಹೊಲದ ಒಣಮೆಣಸಿನಕಾಯಿ.

"ಯಾವಾಗಿನಂಗ ಒಂದ ಬೊಗಸಿ ಸಾಕೇನ್ರಿ ಅಕ್ಕಾರ?"

"ಚೀಲ ಪೂರ್ತಿ ಇರ್ಲಿ."

"ಚೀಲಾ ಪೂರ್ತಿ? ಯಾರ ಮದವೀರಿ?"

"ವರ್ಷಕ್ಕೆ ಬೇಕಲ್ರೀ."

ಅವರು ನನ್ನ ಮುಖ ನೋಡಿದರು. "ಹಂಗಾರ ಮೊರಾ ತರ್ರಿ" ಎಂದು ಅಲ್ಲೇ ನೆಲದ ಮೇಲೆ ಕೂತರು.

ಸಾರಿನ ಪುಡಿಗೆ ಧನಿಯಾ ಎಷ್ಟು, ಮೆಂತ್ಯ ಎಷ್ಟು ಎಂಬುದು ನಮ್ಮಮ್ಮನ ಅಳತೆ, ಅದನ್ನು ಬದಲಾಯಿಸುವುದಿಲ್ಲ. ಈ ಕಡೆಯ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ನಮ್ಮ ಕಡೆಯವರು ಬಂದು ಉಂಡರೆ ಇದ್ಯಾವ ಊರಿನ ಸಾರು ಎಂದು ಕೇಳಿಯಾರು. ಮಾಬೂಬಿಯವರ ಎದುರಿಗೆ ಮೊರ ಎಳೆದುಕೊಂಡು ತೊಟ್ಟು ಬಿಡಿಸಲು ಕೂತೆ.