ಬಯೋಡೇಟಾದ ಇಂಜಿನಿಯರ್

ಗೆಳೆಯರೇ, ಇವತ್ತು ನನ್ನನ್ನು ನೋಡಲು ಮಾಳಮಡ್ಡಿಯಿಂದ ಗಂಡಿನವರು ಬಂದಿದ್ದರು. ನಾನು ತಾರಿಹಾಳದ ಕಾರ್ಖಾನೆಯಲ್ಲಿ ಎಂಟು ವರ್ಷದಿಂದ ಲೇಥ್ ಮಷಿನ್ ನಡೆಸುವವಳು. ನಮ್ಮ ಕಾಕಾ ಮಾತ್ರ ಬಯೋಡೇಟಾದಲ್ಲಿ ‘ಇಂಜಿನಿಯರ್’ ಎಂದು ಬರೆಸಿದ್ದರು.

ಉಪ್ಪಿಟ್ಟಿನ ತಟ್ಟೆ ಕೊಡುವಾಗ ಹುಡುಗನ ತಾಯಿ ನನ್ನ ಅಂಗೈ ನೋಡಿದರು.

“ಯಾಕವಾ, ಇಂಜಿನಿಯರ್ ಕೈ ಇಷ್ಟ ಒರಟ ಅದಾವು?”

ಕಾಕಾ ಬಾಯಿ ತೆರೆಯುವ ಮೊದಲೇ ನಾನು ಪೆನ್ನು ತೆಗೆದು, ಅವರ ಮುಂದಿದ್ದ ಬಯೋಡೇಟಾದಲ್ಲಿ ಆ ಪದ ಹೊಡೆದುಹಾಕಿದೆ.

“ಲೇಥ್ ನಡಸ್ತೇನ್ರಿ. ಕಬ್ಬಿಣ ಕೊರಿಯೋ ಕೈ ಇವು.”

“ಮದುವಿ ಆದಮ್ಯಾಲೆ ಬಿಡಬೇಕಾಕ್ಕೈತಿ. ಮಂದಿಗೆ ಏನಂತ ಹೇಳೂದು?”

“ಲೇಥ್ ನಡಸ್ತಾಳ ಅಂತ ಹೇಳ್ರಿ. ನಿಮ್ಮ ಮಗನ ಬಯೋಡೇಟಾದಾಗ ‘ಬಿಸಿನೆಸ್’ ಅಂತೈತಲ್ರಿ, ಏನ್ ಬಿಸಿನೆಸ್?”

ತಾಯಿ ಮಗನನ್ನು ನೋಡಿದರು. ಮಗ ಉಪ್ಪಿಟ್ಟು ನೋಡಿದ.

ಸಂಜೆಯಾಯಿತು, ಉತ್ತರ ಇನ್ನೂ ಬಂದಿಲ್ಲ. ಕಾಯುತ್ತ ಕೂರಲು ನನಗೆ ಪುರುಸೊತ್ತಿಲ್ಲ, ನಾಳೆ ಫಸ್ಟ್ ಶಿಫ್ಟ್.