ಮುಂದೆ ಓಡಿದ ಗಾಲಿ

ಎಡಗಡೆಯ ಮುಂದಿನ ಗಾಲಿ ಕಾರನ್ನು ಬಿಟ್ಟು ನಮಗಿಂತ ಮುಂದೆ ಓಡಿತು. ಹಿಂದಿನ ದಿನ ಅವ್ವ ಅದರ ಮೇಲೆ ಎಳೆದಿದ್ದ ವಿಭೂತಿಯ ಪಟ್ಟಿಗಳು ತಿರುಗಿ ತಿರುಗಿ ಒಂದು ಬಿಳಿ ಬಳೆಯಂತೆ ಕಂಡವು. ಪಾಪ, ಯಾರ ಗಾಡಿಯ ಗಾಲಿಯೋ ಕಳಚಿದೆ ಎಂದುಕೊಂಡೆ. ಅಷ್ಟರಲ್ಲಿ ನಮ್ಮದೇ ಕಾರಿನ ಮೂತಿ ಕುಸಿದು ಡಾಂಬರಿಗೆ ಉಜ್ಜಿತು.

ಅದು ವಿಜಯದಶಮಿಯ ಬೆಳಿಗ್ಗೆ. ಮೂಡಲಗಿಯ ನಮ್ಮ ಮನೆಯಿಂದ ಹುಕ್ಕೇರಿಗೆ, ಅಕ್ಕನ ಮನೆಗೆ ಬನ್ನಿ ಕೊಡಲು ಹೊರಟಿದ್ದೆವು. ಅಣ್ಣ ಕಾರು ನಡೆಸುತ್ತಿದ್ದ, ಅವ್ವ ಅವನ ಪಕ್ಕ, ನಾನು ಹಿಂದೆ. ಧುಪದಾಳ ದಾಟಿದ ಮೇಲೆ ಎಡಗಡೆಯಿಂದ ಡಗ ಡಗ ಎಂಬ ಸದ್ದು ಶುರುವಾಗಿತ್ತು. ಹಾದಿ ಕೆಟ್ಟಿದೆ ಎನ್ನುತ್ತಲೇ ಅಣ್ಣ ಹಾಡಿನ ದನಿ ತಗ್ಗಿಸಿ ಕಿವಿಗೊಟ್ಟ. ಸದ್ದು ಹೆಚ್ಚಾಯಿತು. ಎದುರಿಗೆ ಗೋವಿನಜೋಳ ತುಂಬಿದ ಟ್ರ್ಯಾಕ್ಟರ್ ಬರುತ್ತಿತ್ತು, ಎಡಕ್ಕೆ ಕಾಲುವೆ. ಅಣ್ಣ ಸ್ಟೇರಿಂಗ್ ಪೂರ್ತಿ ತಿರುಗಿಸಿದರೂ ಕಾರು ಅವನ ಮಾತು ಕೇಳಲಿಲ್ಲ. ಕಬ್ಬಿಣ ರಸ್ತೆಗೆ ಉಜ್ಜುವ ಆ ಸದ್ದು, ಸುಟ್ಟ ವಾಸನೆ, ಟ್ರ್ಯಾಕ್ಟರಿನವನು ಬಾಯಿ ತೆರೆದು ನಮ್ಮನ್ನೇ ನೋಡುತ್ತಿದ್ದದ್ದು, ಇವೆಲ್ಲ ನನಗೆ ಇವತ್ತಿಗೂ ಒಂದರ ಮೇಲೊಂದು ಕೂತುಕೊಂಡು ಬರುತ್ತವೆ, ಯಾವುದು ಮೊದಲು ಎಂದು ಬಿಡಿಸಿ ಹೇಳಲಾರೆ.

ಕಾರು ಕಾಲುವೆಯ ಏರಿಯ ಮೇಲೆ ಓರೆಯಾಗಿ ನಿಂತಿತು. ಅವ್ವ ತನ್ನ ಕಡೆಯ ಬಾಗಿಲು ತೆರೆದಳು. ಕೆಳಗೆ ನೀರು ಹರಿಯುತ್ತಿತ್ತು, ಅದರಲ್ಲಿ ನಮ್ಮ ಗಾಲಿ ತೇಲುತ್ತಿತ್ತು. ಅವಳು ಬಾಗಿಲು ಮುಚ್ಚಿ, ಕೊರಳಲ್ಲಿದ್ದ ಲಿಂಗವನ್ನು ಸೀರೆಯ ಮೇಲಿಂದಲೇ ಹಿಡಿದು ಕೂತುಬಿಟ್ಟಳು. ಅವಳನ್ನು ಅಣ್ಣನ ಬಾಗಿಲಿನಿಂದ ಎಳೆದುಕೊಳ್ಳುವಾಗ ಕಾರು ಒಮ್ಮೆ ಅಲುಗಿತು. ಅದೊಂದು ಅಲುಗಾಟ ನನ್ನೊಳಗೆ ಉಳಿದಿದೆ. ಬಸ್ಸು ನಿಲ್ದಾಣ ಬಿಡುವಾಗ, ಲಿಫ್ಟು ನಿಲ್ಲುವಾಗ, ಎಲ್ಲೆಂದರಲ್ಲಿ ಅದು ಎದ್ದು ಬರುತ್ತದೆ.

ಗಾಲಿ ಇದ್ದ ಜಾಗವನ್ನು ಅಣ್ಣ ಬಗ್ಗಿ ನೋಡಿದ. ಒಂದೂ ಬೋಲ್ಟು ಮುರಿದಿರಲಿಲ್ಲ. ನಟ್ಟುಗಳು ತಾವಾಗಿ ಬಿಚ್ಚಿಕೊಂಡು ಉದುರಿದ್ದವು. ಸುಮ್ಮನೆ ಬಲಗಡೆಯ ಗಾಲಿಗೆ ಕೈ ಹಚ್ಚಿದ. ಅಲ್ಲಿಯ ನಟ್ಟು ಅವನ ಬೆರಳಿಗೇ ತಿರುಗಿತು. ಅವನು ಕೈ ಹಿಂದಕ್ಕೆ ಎಳೆದುಕೊಂಡು ನನ್ನ ಮುಖ ನೋಡಿದ. ಹಿಂದಿನ ಸಂಜೆಯಷ್ಟೇ ಗೋಕಾಕಿನ ಶೋರೂಮಿನಿಂದ ಸರ್ವಿಸ್ ಮಾಡಿಸಿ ತಂದ ಕಾರು ಅದು.

ಘೋಡಗೇರಿಯ ಕಡೆಯ ಒಂದು ಹೊಲದ ಮನೆಯವರು ಅವ್ವನನ್ನು ಕರೆದು ಕೂಡಿಸಿಕೊಂಡರು. ಅಕ್ಕನ ಗಂಡನಿಗೆ ಫೋನ್ ಮಾಡಿ ಅವ್ವನನ್ನು ಕರೆದೊಯ್ಯಲು ಹೇಳಿ, ನಾವಿಬ್ಬರೂ ಸಿಕ್ಕ ಟಂಟಂ ಆಟೋ ಹತ್ತಿ ಗೋಕಾಕಿಗೆ ತಿರುಗಿದೆವು. ದಾರಿಯುದ್ದಕ್ಕೂ ನಾನು ಎದುರಿನ ಕಾರುಗಳ ಗಾಲಿಗಳನ್ನೇ ನೋಡುತ್ತಿದ್ದೆ. ಆಗ ನೆನಪಾದದ್ದು ಆ ಕೂಸು.

ಹಿಂದಿನ ಸಂಜೆ ಶೋರೂಮಿನಲ್ಲಿ ನನ್ನ ಪಕ್ಕ ಒಬ್ಬ ಹೆಣ್ಣುಮಗಳು ಕೂಸನ್ನು ಎತ್ತಿಕೊಂಡು ಕೂತಿದ್ದಳು. ಅವರ ಬಿಳಿ ಕಾರೂ ನಮ್ಮದರ ಬಾಜೂಕೆ ಮೇಲಕ್ಕೆ ಎತ್ತಿಸಿಕೊಂಡು ನಿಂತಿತ್ತು, ಬಿಚ್ಚಿದ ಗಾಲಿಗಳು ನೆಲದ ಮೇಲೆ. ನಾಳೆ ಬೆಳಿಗ್ಗೆ ತವರೂರು ದಡ್ಡಿಗೆ ಹೋಗುತ್ತೇವೆ ಎಂದಿದ್ದಳು. ಕೂಸು ನನ್ನ ಕನ್ನಡಕ ಹಿಡಿದುಕೊಂಡು ಬಿಡಲೇ ಇಲ್ಲ. ಅಷ್ಟರಲ್ಲಿ ಗಂಟೆ ಬಾರಿಸಿದರು. ಖಂಡೆ ಪೂಜೆ, ಆಯುಧಗಳ ಪೂಜೆ. ಕೆಲಸ ಅರ್ಧಕ್ಕೆ ಬಿಟ್ಟು ಎಲ್ಲರೂ ಕೈ ತೊಳೆದು ಬಂದರು. ನಟ್ಟು ಬಿಗಿಯುವ ಪಾನಾ, ಸುತ್ತಿಗೆ, ಜ್ಯಾಕು, ಇದ್ದಬದ್ದ ಹತ್ಯಾರಗಳೆಲ್ಲ ಮೇಜಿನ ಮೇಲೆ ಸಾಲಾಗಿ ಕೂತಿದ್ದವು, ಕುಂಕುಮ ಹಚ್ಚಿಸಿಕೊಂಡು, ಚೆಂಡುಹೂ ಏರಿಸಿಕೊಂಡು. ಆರತಿ ಆಯಿತು, ಪ್ರಸಾದ ತಿಂದೆವು. ಆಮೇಲೆ ಬೇಗನೇ ಕಾರುಗಳು ಕೆಳಗಿಳಿದು ಸಾಲಾಗಿ ನಿಂತವು. ಎಲ್ಲರಿಗೂ ಮನೆಯಲ್ಲಿ ಗಾಡಿಯ ಪೂಜೆ ಮಾಡುವ ಅವಸರ.

ಪೂಜೆಗೆ ಇಟ್ಟ ಹತ್ಯಾರವನ್ನು ಮರುದಿನದವರೆಗೆ ಯಾರೂ ಮುಟ್ಟುವುದಿಲ್ಲ. ನಮ್ಮ ಮನೆಯಲ್ಲೂ ಅಂದು ಕುಡುಗೋಲು ಮುಟ್ಟುವುದಿಲ್ಲ, ಕಾಯಿಪಲ್ಲೆ ಕೂಡ ಮೊದಲೇ ಹೆಚ್ಚಿ ಇಡುತ್ತೇವೆ. ಟಂಟಂನಲ್ಲಿ ಕೂತು ಇದನ್ನು ಜೋಡಿಸಿಕೊಂಡೆ: ಗಾಲಿಯ ನಟ್ಟುಗಳನ್ನು ಬರಿಗೈಯಲ್ಲಿ ತಿರುಗಿಸಿ ಕಳಿಸಿರಬೇಕು, ಆ ಬಿಳಿ ಕಾರಿನವನ್ನೂ.

ಶೋರೂಮಿನಲ್ಲಿ ದಸರೆಯ ಗದ್ದಲ. ಹೊಸ ಕಾರುಗಳಿಗೆ ರಿಬ್ಬನ್ ಕಟ್ಟಿ ನಿಲ್ಲಿಸಿದ್ದರು, ಮನೆಮಂದಿಯೆಲ್ಲ ಹೊಸ ಬಟ್ಟೆಯಲ್ಲಿ ಕೀಲಿಗಾಗಿ ಕಾಯುತ್ತಿದ್ದರು. ಮ್ಯಾನೇಜರ್ ನನಗಿಂತ ಚಿಕ್ಕವನು. ನಮ್ಮ ಮುಖ ನೋಡಿದವನೇ ಬನ್ನಿ ಎಲೆ ಕೊಟ್ಟು, ಒಳಗೆ ಕೂಡಿಸಿ, ಚಹಾ ತರಿಸಿದ. ನಡೆದದ್ದನ್ನೆಲ್ಲ ಕೇಳಿ, ಕಾರನ್ನು ಎಳೆಸಿಕೊಂಡು ಬರುವ, ಪುಗಸಟ್ಟೆ ರಿಪೇರಿ ಮಾಡಿಕೊಡುವ ಮಾತು ಮೊದಲೇ ಆಡಿದ. ತಪ್ಪು ಮಾತ್ರ ತಮ್ಮದಲ್ಲ ಎಂದ. ಮನೆಯಲ್ಲಿ ಗಾಡಿ ತೊಳೆದಿರುತ್ತೀರಿ, ಯಾರೋ ಕೈ ಆಡಿಸಿರಬೇಕು ಎಂದ.

"ಅಕ್ಕಾರ, ನಮ್ಮ ತಪ್ಪಿದ್ರ ಗಾಡಿ ಇಲ್ಲೇ ಗೇಟಿನಾಗ ಬೀಳ್ತಿತ್ತಲ್ರಿ. ಮೂಡಲಗಿ ಮುಟ್ಟಿ, ತಿರುಗಿ ಧುಪದಾಳ ದಾಟೂ ತನಕಾ ಕಾಯತಿತ್ತೇನ್ರಿ?"

ಅಣ್ಣ ನನ್ನ ಮೊಣಕೈ ಹಿಡಿದ. "ಬಿಡವಾ, ಜೀವ ಉಳದೈತಿ. ಅವ್ವನ ಕಡೆ ಹೋಗೂಣು" ಎಂದ.

ನನಗೂ ಎದ್ದು ಹೋಗಬೇಕೆನಿಸಿತ್ತು. ಆದರೆ ಗಾಜಿನಾಚೆ ಆ ಮೇಜು ಕಾಣುತ್ತಿತ್ತು. ನಿನ್ನೆಯ ಹೂ ಬಾಡಿ ಪಾನಾಗಳ ಮೇಲೇ ಬಿದ್ದಿತ್ತು. ಒಂದೂ ಕದಲಿರಲಿಲ್ಲ.

"ನಿನ್ನಿ ಪೂಜಿ ಆದ ಮ್ಯಾಲ ನಮ್ಮ ಗಾಲಿ ಯಾವ ಪಾನಾ ಹಚ್ಚಿ ಬಿಗಿದ್ರಿ?" ಎಂದು ಕೇಳಿದೆ.

"ಹುಡುಗೂರು ಬಿಗಿದಿರ್ತಾರ್ರಿ."

"ಪಾನಾ ಎಲ್ಲಾ ಅಲ್ಲೇ ಅದಾವಲ್ರಿ."

ಅವನು ತಿರುಗಿ ಮೇಜಿನ ಕಡೆ ನೋಡಿದ. ಬಾಗಿಲಲ್ಲಿ ರುಮಾಲು ಸುತ್ತಿದ, ಹಣೆಯ ತುಂಬ ಭಂಡಾರ ಹಚ್ಚಿದ ಹಿರಿಯರೊಬ್ಬರು ನಿಂತಿದ್ದರು. ಹೊಸ ಕಾರಿನ ಕೀಲಿ ಕೇಳಲು ಬಂದವರು. ಎಷ್ಟು ಹೊತ್ತಿನಿಂದ ಕೇಳುತ್ತಿದ್ದರೋ.

"ತಮ್ಮಾ, ನನ್ನ ಗಾಡಿ ಗಾಲೀನೂ ದೇವರ ಮ್ಯಾಲ ಭಾರ ಹಾಕಿ ಬಿಟ್ಟೀಯೇನು?" ಎಂದರು. ಹೊರಗೆ ಯಾರೋ ನಕ್ಕರು. ಹಿರಿಯರು ನಗಲಿಲ್ಲ. "ಮೊದಲ ಆ ಪೂಜಿ ಕದಲಸು. ನನ್ನ ಎದುರಿಗೆ ಬಿಗಿ. ಆಮ್ಯಾಲ ಕೀಲಿ ಕೊಡು."

ಹೊಸ ಗಾಡಿ ಕಂಪನಿಯಿಂದಲೇ ಬಿಗಿದು ಬಂದಿರುತ್ತದೆ ಎಂದು ಮ್ಯಾನೇಜರ್ ತಿಳಿಸಿ ಹೇಳಲು ನೋಡಿದ. ಅಷ್ಟರಲ್ಲಿ ಕಾಯುತ್ತಿದ್ದ ಇನ್ನುಳಿದವರೂ ಬಾಗಿಲಿಗೆ ಬಂದಿದ್ದರು.

"ನನಗ ನಮ್ಮ ಗಾಡಿದು ಏನೂ ಬ್ಯಾಡ್ರಿ" ಎಂದೆ. "ನಿನ್ನಿ ಸಂಜೀಕ ಒಯ್ದವರಿಗೆಲ್ಲಾ ಫೋನ್ ಹಚ್ರಿ. ಈಗ."

ಫೋನ್ ಹಚ್ಚಿದರೆ ತಪ್ಪು ಒಪ್ಪಿಕೊಂಡಂತೆ. ಅವನು ಅದನ್ನೇ ಅಳೆದು ತೂಗುತ್ತಿದ್ದ. ಮಾಲೀಕರನ್ನು ಒಂದು ಮಾತು ಕೇಳುತ್ತೇನೆ ಎಂದ. ಹಿರಿಯರು ಬಾಗಿಲಿಗೆ ಅಡ್ಡವಾಗಿ ನಿಂತುಕೊಂಡರು. ಆಗ ಅವನು ಕೂತು, ಸ್ಪೀಕರ್ ಹಾಕಿ ನಂಬರ್ ಒತ್ತತೊಡಗಿದ.

ಹಲವರ ಗಾಡಿಗಳು ಮನೆಯ ಮುಂದೆಯೇ ನಿಂತಿದ್ದವು. ಮುಟ್ಟಬೇಡಿ, ನಾವೇ ಬರುತ್ತೇವೆ ಎಂದು ಅವರಿಗೆ ಹೇಳಿದ. ಬಿಳಿ ಕಾರಿನವರ ಫೋನ್ ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಹಚ್ಚಿದ. ನಾನು ಮೇಜಿನ ಅಂಚು ಹಿಡಿದುಕೊಂಡಿದ್ದೆ. ಕಾಲುವೆಯ ನೀರು, ಅದರ ಮೇಲೆ ತೇಲುತ್ತಿದ್ದ ನಮ್ಮ ಗಾಲಿ, ಬೇರೆ ಏನೂ ಕಣ್ಣಿಗೆ ಬರುತ್ತಿರಲಿಲ್ಲ. ಕೊನೆಗೆ ಒಬ್ಬ ಗಂಡಸು ಎತ್ತಿದ. ಹಿಂದೆ ಗಾಳಿಯ ಸದ್ದು, ಎಂಜಿನ್ನಿನ ಸದ್ದು. ಗಾಡಿ ಓಡುತ್ತಿತ್ತು.

ಮ್ಯಾನೇಜರ್ ಸುತ್ತಿ ಬಳಸಿ ಮಾತಾಡಿದ. ಗಾಲಿಯಲ್ಲಿ ಏನಾದರೂ ಸದ್ದಿದೆಯೇ ಎಂದು ಕೇಳಿದ. ಹೂಂ, ಹರಳುಕಲ್ಲು ಸಿಕ್ಕಿರಬೇಕು, ಊರು ಹತ್ತಿರ ಬಂತು, ಅಲ್ಲಿ ನೋಡುತ್ತೇನೆ ಎಂದ ಅವನು. ನಾನು ಫೋನ್ ಕಸಿದುಕೊಂಡೆ.

"ಅಣ್ಣಾರ, ಅಲ್ಲೇ ನಿಲ್ಲಸ್ರಿ. ಬ್ರೇಕ್ ಜೋರ ಒತ್ತಬ್ಯಾಡ್ರಿ, ಸಾವಕಾಶ ನಿಲ್ಲಸ್ರಿ. ನಮ್ಮ ಗಾಲಿ ಈಗ ಕಳಚಿ ಬಿದ್ದೈತಿ."

ಎಂಜಿನ್ನಿನ ಸದ್ದು ಇಳಿಯಿತು. ಅದರ ನಡುವೆ ನನಗೆ ಪರಿಚಿತವಾದ ಆ ಡಗ ಡಗ, ಒಂದೊಂದಾಗಿ, ದೂರ ದೂರವಾಗಿ. ಆಮೇಲೆ ಸದ್ದು ನಿಂತು ಬಾಗಿಲು ತೆರೆಯಿತು. ಹರಳಿನ ಮೇಲೆ ಚಪ್ಪಲಿಯ ಸಪ್ಪಳ.

"ನಟ್ಟು ಕೈಯಾಗ ಬಂತ್ರಿ" ಎಂದ. ದನಿ ಬಹಳ ಸಣ್ಣದಾಗಿತ್ತು. ನಂತರ ಫೋನನ್ನು ಮರೆತೇಬಿಟ್ಟ. ದೂರದಿಂದ ಹೆಂಡತಿಗೆ ಹೇಳುವುದು ಕೇಳಿಸಿತು:

"ಕೂಸಿನ್ನ ತಗೊಂಡ ಇಳಿ. ಕೇಳಬ್ಯಾಡ ಏನೂ, ಮೊದಲ ಇಳಿ."