ಹತ್ತಿರದ ಕ್ಲಿನಿಕ್ ಬಿಟ್ಟು ದೂರದ್ದಕ್ಕೆ

ಕ್ರೇಗಿಬರ್ನ್‌ನ ಲಕ್ಷ್ಮೀಶನಿಗೆ ಒಂದು ಸಾಮ್ರಾಜ್ಯವಿತ್ತು. ಸಾಮ್ರಾಜ್ಯ ಇದ್ದದ್ದು ಆಫ್ರಿಕಾದಲ್ಲಿ. ಸಿಂಹಾಸನ ಇದ್ದದ್ದು ಮಾತ್ರ ಮೆಲ್ಬರ್ನಿನ ಉತ್ತರದ ತುದಿಯ ಅವನ ಮನೆಯ ಗರಾಜಿನಲ್ಲಿ, ವಾಷಿಂಗ್ ಮೆಷಿನ್ನಿಗೂ ಸೋನಾ ಮಸೂರಿ ಮೂಟೆಗೂ ನಡುವೆ. ಗಾಲಿ ಕುರ್ಚಿಯ ಮೇಲೆ ಆಸೀನನಾಗಿ, ಬಲಗೈಯಲ್ಲಿ ಮೌಸ್ ಎಂಬ ರಾಜದಂಡ ಹಿಡಿದು, ಅವನು ಎಂದೂ ಕಾಲಿಡದ ನಾಡಿನ ಬೆಟ್ಟ ಹೊಳೆಗಳನ್ನು ಆಳುತ್ತಿದ್ದ.

ಕೆಲಸ ಭೂಪಟ ಮಾಡುವುದು. ಸಿಡ್ನಿಯ ಒಂದು ಸಣ್ಣ ಸೇವಾಸಂಸ್ಥೆ ಅವನಿಗೆ ಸಂಬಳ ಕೊಡುತ್ತಿತ್ತು. ಯುದ್ಧ ನಡೆಯುತ್ತಿರುವ ಜಿಲ್ಲೆಗಳಲ್ಲಿ ಎಚ್‌ಐವಿ ಇರುವವರಿಗೆ ಮಾತ್ರೆ ಎಲ್ಲಿ ಸಿಗುತ್ತದೆ, ಅಲ್ಲಿಗೆ ಯಾವ ದಾರಿ ತೆರೆದಿದೆ, ಯಾವ ಸೇತುವೆ ಹಾರಿಹೋಗಿದೆ, ಯಾವ ಚೆಕ್‌ಪೋಸ್ಟ್‌ನಲ್ಲಿ ಯಾರ ಬಂದೂಕು ನಿಂತಿದೆ ಎಂಬುದೆಲ್ಲ ಅವನ ಪಟದಲ್ಲಿ ಬಣ್ಣಬಣ್ಣವಾಗಿ ಕೂತಿರುತ್ತಿತ್ತು. ಆ ಮಾತ್ರೆಯನ್ನು ದಿನವೂ ತಪ್ಪದೆ ನುಂಗಿದವರು ಮೊಮ್ಮಕ್ಕಳ ಮದುವೆ ನೋಡುವವರೆಗೆ ಬದುಕುತ್ತಾರೆ. ಬಿಟ್ಟರೆ ಕಾಯಿಲೆ ಮತ್ತೆ ತಲೆ ಎತ್ತುತ್ತದೆ. ಕ್ಲಿನಿಕ್‌ಗಳ ನಿಜವಾದ ಹೆಸರು ಬಂದೂಕಿನವರ ಕೈಗೆ ಸಿಗಬಾರದೆಂದು ಗುಟ್ಟಿನ ಹೆಸರಿಡುವ ಅಧಿಕಾರವೂ ಅವನದೇ. ಅರಸೀಕೆರೆಯಲ್ಲಿ ಹುಟ್ಟಿದ ಈ ಚಕ್ರವರ್ತಿ ಹಣ್ಣುಗಳ ಹೆಸರಿಟ್ಟಿದ್ದ. ಒಂದು ಮಾವಿನ ಕ್ಲಿನಿಕ್, ಇನ್ನೊಂದು ಹಲಸಿನ ಕ್ಲಿನಿಕ್.

ಈಗ ದಾನಿಗಳು ಕೈ ಬಿಗಿ ಹಿಡಿದಿದ್ದರು. ಎರಡರಲ್ಲಿ ಒಂದನ್ನು ಮುಚ್ಚಬೇಕು. ಯಾವುದೆಂದು ಹೇಳಬೇಕಾದದ್ದು ಲಕ್ಷ್ಮೀಶನ ಪಟ. ಮಾವಿನ ಕ್ಲಿನಿಕ್ ಊರಿನ ನಡುವೆಯೇ ಇತ್ತು. ಹಲಸಿನದು ಎರಡು ಚೆಕ್‌ಪೋಸ್ಟ್ ದಾಟಿ, ಅರ್ಧ ದಿನದ ದಾರಿ. ವಿಚಿತ್ರವೆಂದರೆ, ಮಾವಿನ ಊರಿನ ನೂರಾರು ಜನರ ಹೆಸರು ಹಲಸಿನ ಕ್ಲಿನಿಕ್‌ನ ದಾಖಲೆಯಲ್ಲಿತ್ತು. ಚಕ್ರವರ್ತಿ ಗಲ್ಲ ಕೆರೆದುಕೊಂಡು ಯೋಚಿಸಿದ. ಮನೆ ಬಾಗಿಲಲ್ಲಿ ಮಾತ್ರೆ ಇಟ್ಟುಕೊಂಡು ಬಂದೂಕಿನ ಮುಂದೆ ಹಾದು ಹೋಗುವ ಹುಚ್ಚರು ಯಾರು? ಗುಮಾಸ್ತರ ತಪ್ಪೇ ಸರಿ. ಒಂದೇ ಕ್ಲಿಕ್ಕಿನಲ್ಲಿ ಅಷ್ಟೂ ಜನರನ್ನು ಹಲಸಿನಿಂದ ಕಿತ್ತು ಮಾವಿಗೆ ಕಟ್ಟಿದ. ಹಲಸು ಹೆಚ್ಚುಕಡಿಮೆ ಖಾಲಿಯಾಯಿತು. ಮುಚ್ಚಬಹುದು ಎಂದು ಬರೆದು ಸಿಡ್ನಿಗೆ ಕಳಿಸಿದ. ಮುಂದಿನ ಶುಕ್ರವಾರ ಸಮಿತಿ ಅದಕ್ಕೆ ಮುದ್ರೆ ಒತ್ತುವುದಿತ್ತು.

ಇಷ್ಟರಲ್ಲಿ ಸಿಂಹಾಸನವೇ ಸಾಮ್ರಾಟನ ಮೇಲೆ ದಂಗೆ ಎದ್ದಿತು. ವರ್ಷಗಟ್ಟಲೆ ಕೂತಲ್ಲೇ ಕೂತದ್ದರ ಫಲವಾಗಿ ಲಕ್ಷ್ಮೀಶನಿಗೆ ಹತ್ತಿದ್ದ ಮೂಲವ್ಯಾಧಿ ಈಗ ಉಲ್ಬಣಿಸಿತ್ತು. ಊಟಕ್ಕೂ ನಿಂತೇ ಇರುತ್ತಿದ್ದ.

"ರೀ, ಸಂಯುಕ್ತಾ ಡಾಕ್ಟ್ರು ಇಲ್ಲೇ ಎರಡು ಬೀದಿ ಆಚೆ ಇದಾರೆ. ಹೋಗ್ಬನ್ನಿ" ಎಂದಳು ಹೆಂಡತಿ ಅನಸೂಯಾ.

"ಅಲ್ಲಿ ರಿಸೆಪ್ಶನ್ನಲ್ಲಿ ಇಂದಿರಮ್ಮ ಆಂಟಿ ಕೂತಿರ್ತಾರೆ ಕಣೇ!"

"ಅವ್ರೇನು ಕನ್ನಡ ಸಂಘದ ಮೈಕ್ ಹಿಡ್ಕೊಂಡು ಅನೌನ್ಸ್ ಮಾಡ್ತಾರಾ?"

"ಅವ್ರು ಬಾಯೇ ಬಿಡೋದು ಬೇಡ. ಕಾಯ್ತಾ ಇರೋರೆಲ್ಲ ನಮ್ಮೋರೇ. ನಾನು ಕೂತ್ಕೊಳ್ಳೋ ಸ್ಟೈಲ್ ನೋಡಿದ್ರೆ ಸಾಕು, ಸಂಜೆ ಹೊತ್ಗೆ ವಾಟ್ಸಾಪಲ್ಲಿ ಮನೆಮದ್ದು ಬರೋಕೆ ಶುರು ಆಗತ್ತೆ."

"ಬರ್ಲಿ ಬಿಡಿ, ಯಾವ್ದಾದ್ರೂ ಒಂದು ನಾಟೀತು."

ಅವನು ಕೇಳಲಿಲ್ಲ. ಮೆಲ್ಬರ್ನಿನ ಇನ್ನೊಂದು ತುದಿಯ ಕ್ರಾನ್‌ಬರ್ನ್‌ನಲ್ಲಿ, ಒಬ್ಬ ಪರಿಚಯದವನೂ ಇಲ್ಲದ ಕ್ಲಿನಿಕ್‌ನಲ್ಲಿ ಅಪಾಯಿಂಟ್‌ಮೆಂಟ್ ಬುಕ್ ಮಾಡಿದ. ಎಂಬತ್ತು ಕಿಲೋಮೀಟರು! ಆ ರೋಗ ಇಟ್ಟುಕೊಂಡು ಅಷ್ಟು ದೂರ ಕಾರು ಓಡಿಸುವುದೆಂದರೆ ಅದು ಪ್ರಯಾಣವಲ್ಲ, ಯುದ್ಧ. ಸ್ಟೀರಿಂಗ್ ಹಿಡಿದು, ಹಲ್ಲು ಕಚ್ಚಿ, ಒಮ್ಮೆ ಎಡತೊಡೆ ಒಮ್ಮೆ ಬಲತೊಡೆ ಊರುತ್ತ, ಎದುರಾದ ಪ್ರತಿಯೊಂದು ರಸ್ತೆಯುಬ್ಬಿಗೂ ಅದರ ಏಳು ತಲೆಮಾರಿಗೂ ಶಾಪ ಹಾಕುತ್ತ, ನಮ್ಮ ವೀರ ಕೊನೆಗೂ ಕ್ಲಿನಿಕ್ ತಲುಪಿದ.

ಬಾಗಿಲು ದೂಡಿ ಒಳಹೊಕ್ಕರೆ, ಸಾಲು ಸಾಲು ಖಾಲಿ ಕುರ್ಚಿಗಳ ಮಧ್ಯೆ ಒಬ್ಬರು ನಿಂತಿದ್ದಾರೆ. ಕ್ರೇಗಿಬರ್ನ್ ಕನ್ನಡ ಸಂಘದ ಅಧ್ಯಕ್ಷರು, ಸಾಕ್ಷಾತ್ ಶಿವಲಿಂಗಪ್ಪನವರು!

"ಓಹೋ ಲಕ್ಷ್ಮೀಶ್! ಏನ್ರೀ ಈ ಕಡೆ?"

"ಫ್ಲೂ ಇಂಜೆಕ್ಷನ್ ಸಾರ್. ತಾವು?"

"ನಾನೂ ಅದೇ ನೋಡಿ. ನಮ್ಮ ಕಡೆ ಸ್ಟಾಕ್ ಇಲ್ವಂತಲ್ಲ."

"ಹೌದಂತೆ ಸಾರ್. ಕೂತ್ಕೊಳ್ಳಿ, ಹಿರಿಯರು ನೀವು."

"ಛೇ ಛೇ, ನೀವು ಕೂತ್ಕೊಳ್ಳಿ. ಪಾಪ, ಅಷ್ಟು ದೂರದಿಂದ ಡ್ರೈವ್ ಮಾಡ್ಕೊಂಡು ಬಂದಿದೀರ."

"ನೀವೂ ಅಲ್ಲಿಂದಾನೇ ಬಂದಿರೋದಲ್ವಾ ಸಾರ್?"

ಇಬ್ಬರೂ ಕೂರಲಿಲ್ಲ. ಖಾಲಿ ಕುರ್ಚಿಗಳು ಇಬ್ಬರನ್ನೂ ಅಣಕಿಸುತ್ತಿದ್ದವು. ಶಿವಲಿಂಗಪ್ಪನವರು ಗಂಟಲು ಸರಿಮಾಡಿಕೊಂಡರು.

"ಎಷ್ಟು ದಿವಸದಿಂದ?"

"ದೀಪಾವಳಿಯಿಂದ ಸಾರ್. ತಮಗೆ?"

"ಯುಗಾದಿ ಭಾಷಣ ನಿಂತ್ಕೊಂಡು ಎರಡು ಗಂಟೆ ಮಾಡಿದ್ದು ಯಾಕೆ ಅಂದ್ಕೊಂಡ್ರಿ? ಜನ ಕನ್ನಡಾಭಿಮಾನ ಅಂತ ಚಪ್ಪಾಳೆ ಹೊಡೆದ್ರು."

ಇಬ್ಬರೂ ಗೋಡೆ ಹಿಡಿದುಕೊಂಡು ನಕ್ಕರು, ನಗುವುದೂ ನೋವಾಗುತ್ತಿತ್ತು. "ಅಲ್ರೀ, ಸಂಯುಕ್ತಾ ಡಾಕ್ಟ್ರು ಮನೆ ಪಕ್ಕದಲ್ಲೇ ಇದಾರೆ" ಎಂದರು ಅಧ್ಯಕ್ಷರು ಕಣ್ಣೊರೆಸಿಕೊಳ್ಳುತ್ತ, "ಅದೇ ತೊಂದರೆ ನೋಡಿ. ಪಕ್ಕದಲ್ಲೇ ಇದಾರೆ!"

ಲಕ್ಷ್ಮೀಶನ ನಗು ಅರ್ಧಕ್ಕೇ ನಿಂತಿತು. ಮಾವಿನ ಊರಿನ ಆ ನೂರಾರು ಜನ ಕಣ್ಣ ಮುಂದೆ ಬಂದರು. ಗುಮಾಸ್ತ ತಪ್ಪು ಬರೆದಿರಲಿಲ್ಲ. ಅವರೆಲ್ಲ ಬೇಕೆಂದೇ ಅಷ್ಟು ದೂರ ಹೋಗುತ್ತಿದ್ದರು. ಅವರ ಕ್ಲಿನಿಕ್ಕನ್ನೇ ಮುಚ್ಚಿಸಲು ಹೊರಟಿದ್ದ ಮಹಾಶಯ ಇಲ್ಲಿ ಮುಲಾಮಿಗಾಗಿ ಕಾಯುತ್ತ ನಿಂತಿದ್ದ.

ಮನೆ ಮುಟ್ಟಿದವನೇ ಹಲಸಿನ ಕ್ಲಿನಿಕ್‌ನ ನರ್ಸ್ ಗ್ರೇಸ್‌ಗೆ ವಿಡಿಯೊ ಕರೆ ಮಾಡಿದ. ಅವಳು ಹೇಳಿದ್ದು ಇಷ್ಟು: ಮಾವಿನ ಕ್ಲಿನಿಕ್‌ನಲ್ಲಿ ಎಚ್‌ಐವಿ ಮಾತ್ರೆಗೆಂದೇ ಬೇರೆ ಬಾಗಿಲಿದೆ, ಅದು ಬಸ್‌ಸ್ಟ್ಯಾಂಡಿಗೆ ಎದುರಾಗಿ ತೆರೆಯುತ್ತದೆ. ಆ ಬಾಗಿಲಲ್ಲಿ ನಿಂತವರ ಮಗಳಿಗೆ ಮದುವೆಯಾಗುವುದಿಲ್ಲ, ಅಂಗಡಿಗೆ ಗಿರಾಕಿ ಬರುವುದಿಲ್ಲ. ಹಲಸಿನಲ್ಲಿ ಸಕ್ಕರೆ ಕಾಯಿಲೆಗೂ ಬಸುರಿಯರಿಗೂ ಮಕ್ಕಳ ಲಸಿಕೆಗೂ ಎಲ್ಲಕ್ಕೂ ಒಂದೇ ಕ್ಯೂ. ಪಕ್ಕದಲ್ಲೇ ಮಂಗಳವಾರದ ಸಂತೆ. ಬುಟ್ಟಿ ಹೊತ್ತು ಹೊರಟವರನ್ನು ಚೆಕ್‌ಪೋಸ್ಟ್‌ನವರೂ ಹೆಚ್ಚು ಕೆದಕುವುದಿಲ್ಲ.

ಶುಕ್ರವಾರ ಬೆಳಗಿನ ವಿಮಾನದಲ್ಲಿ ಲಕ್ಷ್ಮೀಶ ಸಿಡ್ನಿಗೆ ದಂಡೆತ್ತಿ ಹೋದ. ಅಲ್ಲಿ ಎದುರಾದವಳು ಸಂಸ್ಥೆಯ ಮುಖ್ಯಸ್ಥೆ ಪ್ರಾರ್ಥನಾ. ಸಿಡ್ನಿಯ ಎಪ್ಪಿಂಗ್‌ನಲ್ಲಿ ಮನೆ, ಹುಬ್ಬಳ್ಳಿಯ ನಾಲಿಗೆ.

"ಏನ್ರೀ ಲಕ್ಷ್ಮೀಶ, ಹ್ವಾದ ವಾರ ಮುಚ್ಚರಿ ಅಂದ್ರಿ, ಈ ವಾರ ಮುಚ್ಚಬ್ಯಾಡ್ರಿ ಅಂತೀರಿ. ಇದು ನಕಾಶೆ ಏನು, ಗಿಣಿ ಶಾಸ್ತ್ರ?"

"ಮೇಡಂ, ನಾನು ಯಾವ್ದು ಹತ್ತಿರ ಅಂತ ಅಳೆದೆ. ಜನ ಎಲ್ಲಿ ಹೋಗ್ತಾರೆ ಅಂತ ನೋಡ್ಲಿಲ್ಲ."

"ಅದನ್ನ ಒಳಗ ಹೇಳ್ರಿ. ಆ ಖಜಾಂಚಿ ಮುದುಕ ನಿಮ್ಮನ್ನ ಹಸೀನ ತಿಂತಾನ."

ಖಜಾಂಚಿ ಹಾಗೇ ಮಾಡಿದ. ಮೂಗಿನ ಕೆಳಗೆ ಔಷಧಿ ಇರುವಾಗ ರೋಗಿ ಯಾಕೆ ಬಂದೂಕು ದಾಟುತ್ತಾನೆ ಎಂದು ಇಂಗ್ಲಿಷಿನಲ್ಲಿ ಗುಡುಗಿದ. ಲಕ್ಷ್ಮೀಶ ಗ್ರೇಸ್ ಹೇಳಿದ ಬಾಗಿಲಿನ ಸಂಗತಿ ಹೇಳಿದ, ನಾಟಲಿಲ್ಲ. "ನನ್ನ ಒಬ್ಬ ಸ್ನೇಹಿತ ಇದ್ದಾನೆ..." ಎಂದು ಶುರು ಮಾಡಿದ. ಸ್ನೇಹಿತರ ಕಥೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದ ಮುದುಕ. ಇನ್ನು ಒಂದೇ ದಾರಿ ಉಳಿದಿತ್ತು. ಲಕ್ಷ್ಮೀಶ ಆಫ್ರಿಕಾದ ಪಟ ಸರಿಸಿ, ಪರದೆಯ ಮೇಲೆ ಮೆಲ್ಬರ್ನ್ ಹಾಕಿದ. ಕ್ರೇಗಿಬರ್ನ್‌ನಲ್ಲೊಂದು ಚುಕ್ಕಿ, ಕ್ರಾನ್‌ಬರ್ನ್‌ನಲ್ಲೊಂದು ಚುಕ್ಕಿ, ನಡುವೆ ಒಂದು ಕೆಂಪು ಗೆರೆ. ದಾರಿಯುದ್ದಕ್ಕೂ ದಾಟಿ ಹೋದ ಕ್ಲಿನಿಕ್‌ಗಳೆಲ್ಲ ನೀಲಿ.

"ಈ ರೋಗಿ ನಾನೇ. ಕಾಯಿಲೆ ಮೂಲವ್ಯಾಧಿ. ನನ್ನನ್ನು ಯಾರೂ ಊರು ಬಿಡಿಸುತ್ತಿರಲಿಲ್ಲ, ಬಂದೂಕೂ ಇರಲಿಲ್ಲ. ಬರೀ ನಾಚಿಕೆಗೆ ಇಷ್ಟು ದೂರ ಹೋದೆ. ಅವರಿಗೆ ಎಷ್ಟೊಂದು ಕಾರಣಗಳಿವೆ ನೋಡಿ."

ಪ್ರಾರ್ಥನಾ ಕನ್ನಡದಲ್ಲಿ, "ಯಪ್ಪಾ! ಅದನ್ನ ಇಟ್ಕೊಂಡು ಕಾರಿನ್ಯಾಗ ಕುಂತು ಎಂಬತ್ತು ಕಿಲೋಮೀಟರ್!" ಎಂದು ಉಸುರಿ ಫೈಲಿನ ಹಿಂದೆ ಮುಖ ಮುಚ್ಚಿಕೊಂಡಳು. ಅವಳ ಭುಜಗಳು ಕುಣಿಯುತ್ತಿದ್ದವು.

ಖಜಾಂಚಿ ಕೆಂಪು ಗೆರೆಯನ್ನು ನೋಡಿದ. ಆಮೇಲೆ ತನ್ನ ಕಪ್ಪು ಕೂದಲನ್ನು ಮೆಲ್ಲಗೆ ಮುಟ್ಟಿಕೊಂಡು, ಬಣ್ಣ ಹಾಕಿಸಲು ತಾನೂ ಹಾರ್ಬರ್ ಬ್ರಿಜ್ ದಾಟಿ ಹೋಗುತ್ತೇನೆ ಎಂದ. ಇದನ್ನು ನಡಾವಳಿಯಲ್ಲಿ ಬರೆಯಬೇಡಿ ಎಂದೂ ಸೇರಿಸಿದ.

ಹಲಸು ಉಳಿಯಿತು. ಮುಚ್ಚಿದ್ದು ಬಸ್‌ಸ್ಟ್ಯಾಂಡಿನ ಎದುರಿನ ಆ ಬಾಗಿಲನ್ನು. ಅದರ ಬೇರೆ ಖರ್ಚು ಉಳಿದದ್ದರಿಂದ ದಾನಿಗಳ ಲೆಕ್ಕವೂ ಸರಿಹೋಯಿತು. ಅಲ್ಲಿನ ಒಬ್ಬ ನರ್ಸಮ್ಮನನ್ನು ಹಲಸಿಗೆ ಕಳಿಸುವುದೆಂದೂ, ಮಾವಿನಲ್ಲಿ ಉಳಿದ ಸಿಬ್ಬಂದಿ ಎಲ್ಲ ಕಾಯಿಲೆಗೂ ಒಂದೇ ಕಿಟಕಿಯಲ್ಲಿ ಔಷಧಿ ಕೊಡುವುದೆಂದೂ ತೀರ್ಮಾನವಾಯಿತು.

ಮುಂದಿನ ಮಂಗಳವಾರ ಗ್ರೇಸ್ ಕರೆ ಮಾಡಿದಳು. ಹಿಂದೆ ಸಂತೆಯ ಗದ್ದಲ. ಹಲಸು ಮುಚ್ಚುವುದಿಲ್ಲ ಎಂಬ ಸುದ್ದಿ ಹಬ್ಬಿ ಕ್ಯೂ ಸಂತೆಯವರೆಗೂ ಬೆಳೆದಿತ್ತಂತೆ. ಮಾವಿನ ಊರಿನ ಅಜ್ಜಿಯೊಬ್ಬಳು ಬುಟ್ಟಿ ತುಂಬ ಕೋಳಿ ಹೊತ್ತು ಬಂದು, ಮೂರು ತಿಂಗಳ ಮಾತ್ರೆಯನ್ನು ಕೋಳಿಗಳ ಕೆಳಗೆ ಹುದುಗಿಸಿಕೊಂಡು, ಇಷ್ಟು ಉದ್ದ ಕ್ಯೂ ಮಾಡಿಟ್ಟವನು ಯಾವನು ಎಂದು ಎಲ್ಲರಿಗೂ ಕೇಳುವಂತೆ ಬೈದು ಹೋದಳಂತೆ.

"ಯಾವನು ಅಂತ ಹೇಳಿದಿರಾ?" ಎಂದು ಕೇಳಿದ ಲಕ್ಷ್ಮೀಶ, ಗರಾಜಿನಲ್ಲಿ ನಿಂತುಕೊಂಡೇ, ಮುಖವೆಲ್ಲ ಹಲ್ಲಾಗಿ.